ಕತ್ತಿಬಾಲದ ಮೀನು ಮತ್ತು ಪ್ರಭೇದಗಳ ಗಡಿ

ಕುದುರೆಗೂ ಕತ್ತೆಗೂ ಹುಟ್ಟುವ ಹೇಸರಗತ್ತೆಯನ್ನು ನಾವೆಲ್ಲರೂ ಬಲ್ಲೆವು. ಭಾರ ಹೊರುವುದರಲ್ಲಿ ಅದು ಗಟ್ಟಿಮುಟ್ಟಾದ ಪ್ರಾಣಿ. ಆದರೆ ಸಾಮಾನ್ಯವಾಗಿ ಅದಕ್ಕೆ ಸಂತಾನವಿಲ್ಲ. ಎರಡು ವಂಶಗಳು ಅದರಲ್ಲಿ ಒಮ್ಮೆ ಕೂಡಿ, ಅಲ್ಲಿಯೇ ಮುಗಿದುಹೋಗುತ್ತವೆ. ಇಂತಹ ನಿದರ್ಶನಗಳನ್ನು ಮುಂದಿಟ್ಟುಕೊಂಡೇ ಪಠ್ಯಪುಸ್ತಕಗಳು ಪ್ರಭೇದವೆಂಬ ಮಾತಿಗೆ ಲಕ್ಷಣ ಹೇಳುವುದು ವಾಡಿಕೆ. ತಮ್ಮೊಳಗೆ ಕೂಡಿ ಫಲವತ್ತಾದ ಸಂತಾನವನ್ನು ಪಡೆಯಬಲ್ಲ ಜೀವಿಗಳ ಗುಂಪು ಒಂದು ಪ್ರಭೇದ. ಹೊರಗಿನವುಗಳೊಡನೆ ಆ ಗುಂಪಿಗೆ ವಂಶದ ಕೊಳುಕೊಡೆ ಇಲ್ಲ.

ಲಕ್ಷಣವೇನೋ ಅಚ್ಚುಕಟ್ಟಾಗಿದೆ. ಆದರೆ ನಿಸರ್ಗವು ಅದಕ್ಕೆ ಅಷ್ಟಾಗಿ ಮನ್ನಣೆ ಕೊಟ್ಟಂತೆ ಕಾಣುವುದಿಲ್ಲ. ಮೀನುಗಳಲ್ಲಂತೂ ಬೇರೆ ಬೇರೆ ಪ್ರಭೇದಗಳು ಕೂಡುವುದೂ, ಅವುಗಳಿಗೆ ಹುಟ್ಟಿದ ಸಂಕರ ಸಂತಾನ ಮತ್ತೆ ಮರಿಗಳನ್ನು ಪಡೆಯುವುದೂ ಅಪರೂಪವಲ್ಲ. ಹಾಗಾದರೆ ಇಂತಹ ಪ್ರಭೇದಗಳು ಒಂದರಲ್ಲೊಂದು ಕರಗಿ ಒಂದೇ ಆಗಿಬಿಡದೆ ಉಳಿದಿರುವುದು ಹೇಗೆ? ಗಡಿಯನ್ನು ಕಾಯುವುದು ಯಾವುದು? ಈ ಪ್ರಶ್ನೆಗೆ ಇತ್ತೀಚಿನ ವರ್ಷಗಳಲ್ಲಿ ಅತ್ಯಂತ ಸ್ಪಷ್ಟವಾದ ಉತ್ತರಗಳನ್ನು ಕೊಟ್ಟ ಪ್ರಾಣಿಗಳಲ್ಲಿ ಒಂದು, ನಮ್ಮ ಪಟ್ಟಣಗಳ ಅಂಗಡಿಗಳ ಗಾಜಿನ ತೊಟ್ಟಿಗಳಲ್ಲಿ ದಿನವೂ ಕಾಣುವ ಬೆರಳುದ್ದದ ಮೀನು.

ಅಂಗಡಿಯವರು 'ಪ್ಲಾಟಿ' ಎಂದೂ 'ಸ್ವೋರ್ಡ್‌ಟೇಲ್' ಎಂದೂ ಮಾರುವ ಈ ಮೀನುಗಳು ಕ್ಸಿಫೊಫೊರಸ್ ಎಂಬ ಜಾತಿಗೆ ಸೇರಿದುವು. ಮೆಕ್ಸಿಕೋ ದೇಶದ ಹೊಳೆತೊರೆಗಳಿಂದ ಹಿಡಿದು ದಕ್ಷಿಣಕ್ಕೆ ಗ್ವಾಟೆಮಾಲ, ಹಾಂಡುರಾಸ್‌ಗಳವರೆಗೆ ಇವುಗಳ ತವರು. ಈ ಜಾತಿಯಲ್ಲಿ ಸುಮಾರು 26 ಪ್ರಭೇದಗಳಿವೆ. ಇವು ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ; ಭ್ರೂಣಗಳು ತಾಯಿಯ ಒಡಲಲ್ಲಿಯೇ ಬೆಳೆದು ಈಜಬಲ್ಲ ಮರಿಗಳಾಗಿ ಹೊರಬರುತ್ತವೆ. ಕೆಲವು ಪ್ರಭೇದಗಳಲ್ಲಿ ಗಂಡುಮೀನಿನ ಬಾಲದ ಈಜುರೆಕ್ಕೆಯ ಕೆಳಅಂಚು ಉದ್ದವಾಗಿ ಬೆಳೆದು ಕತ್ತಿಯಂತೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಈಜುವುದಕ್ಕೆ ಇದರಿಂದ ಏನೂ ಪ್ರಯೋಜನವಿಲ್ಲ. ಹೆಣ್ಣಿನ ಮೆಚ್ಚುಗೆಗಾಗಿಯೇ ಗಂಡಿನಲ್ಲಿ ಬೆಳೆದ ಅಲಂಕಾರಗಳನ್ನು ಕುರಿತು 1871ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡಾರ್ವಿನ್ ಈ ಕತ್ತಿಯನ್ನೂ ಉದಾಹರಿಸಿದ್ದಾನೆ.

1920ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ಮೈರನ್ ಗಾರ್ಡನ್, ಜರ್ಮನಿಯ ಕರ್ಟ್ ಕಾಸ್ವಿಗ್ ಮತ್ತು ಗೇಯೋರ್ಗ್ ಹಾಯ್ಸ್ಲರ್ ಎಂಬ ಮೂವರು ಬೇರೆ ಬೇರೆಯಾಗಿ ಒಂದೇ ವಿಚಿತ್ರವನ್ನು ಕಂಡರು. ಪ್ಲಾಟಿ ಮೀನಿನ ಕೆಲವು ತಳಿಗಳಲ್ಲಿ ಮೈಮೇಲೆ ಕರಿಯ ಮಚ್ಚೆಗಳಿರುತ್ತವೆ. ಅವುಗಳಿಂದ ಮೀನಿಗೆ ಏನೂ ಕೇಡಿಲ್ಲ. ಹೆಲ್ಲೆರಿ ಎಂಬ ಕತ್ತಿಬಾಲದ ಪ್ರಭೇದಕ್ಕೆ ಆ ಮಚ್ಚೆಗಳಿಲ್ಲ. ಇವೆರಡನ್ನೂ ಕೂಡಿಸಿದಾಗ ಹುಟ್ಟಿದ ಮರಿಗಳಲ್ಲಿ ಮಚ್ಚೆ ಪ್ಲಾಟಿಯಲ್ಲಿದ್ದುದಕ್ಕಿಂತ ದೊಡ್ಡದಾಗಿ ಹರಡಿತು. ಈ ಸಂಕರ ಮೀನುಗಳನ್ನು ಮತ್ತೆ ಹೆಲ್ಲೆರಿಯೊಡನೆ ಕೂಡಿಸಿದಾಗ, ಎರಡನೆಯ ಸಲ ಹುಟ್ಟಿದ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಮಚ್ಚೆಯೇ ಇಲ್ಲ. ಕಾಲುಭಾಗಕ್ಕೆ ಮೊದಲ ಸಂಕರದಂತೆಯೇ ಹರಡಿದ ಮಚ್ಚೆ. ಉಳಿದ ಕಾಲುಭಾಗದಲ್ಲಿ ಕರಿಯ ಕೋಶಗಳು ಹತೋಟಿಯಿಲ್ಲದೆ ಬೆಳೆದು, ಈಜುರೆಕ್ಕೆಯನ್ನೂ ಮಾಂಸವನ್ನೂ ತಿಂದು, ಮೀನನ್ನು ಕೊಂದುವು. ಮನುಷ್ಯರ ಚರ್ಮದಲ್ಲಿ ಮೆಲನೋಮ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಏಡಿಗಂತಿಯೇ, ಅಂದರೆ ಕ್ಯಾನ್ಸರೇ ಇದು.

ಮೆಂಡೆಲನ ನಿಯಮಗಳನ್ನು ಓದಿರುವ ವಿದ್ಯಾರ್ಥಿಗಳು ಈ ಪ್ರಮಾಣವನ್ನು ನೋಡಿದೊಡನೆಯೇ ಇಲ್ಲಿ ಎರಡು ಜೀನುಗಳ ಕೈವಾಡವಿದೆಯೆಂದು ಊಹಿಸಬಲ್ಲರು. ಪ್ಲಾಟಿಯಲ್ಲಿ ಕರಿಯ ಕೋಶಗಳನ್ನು ಬೆಳೆಯಿಸುವ ಒಂದು ಜೀನು ಇದೆ; ಬೇರೊಂದು ವರ್ಣತಂತುವಿನ ಮೇಲೆ, ಅದನ್ನು ಅಂಕೆಯಲ್ಲಿಡುವ ಇನ್ನೊಂದು ಜೀನು ಇದೆ. ಹೆಲ್ಲೆರಿಯಲ್ಲಿ ಎರಡೂ ಇಲ್ಲ. ಮೊದಲ ಸಂಕರಕ್ಕೆ ಎರಡರದೂ ಒಂದೊಂದು ಪ್ರತಿ ಬರುತ್ತದೆ. ಅಂಕೆ ಸಡಿಲವಾದರೂ ಪೂರ್ತಿ ತಪ್ಪುವುದಿಲ್ಲ. ಎರಡನೆಯ ಕೂಡಿಕೆಯಲ್ಲಿ ವರ್ಣತಂತುಗಳು ಒಂದನ್ನೊಂದು ಅವಲಂಬಿಸದೆ ಹಂಚಿಹೋಗುವುದರಿಂದ, ನಾಲ್ಕರಲ್ಲೊಂದು ಮರಿಗೆ ಬೆಳೆಯಿಸುವ ಜೀನು ಮಾತ್ರ ದಕ್ಕಿ ಅಂಕೆಯ ಜೀನು ತಪ್ಪಿಹೋಗುತ್ತದೆ. ಸಾಯುವುದು ಆ ಮರಿಯೇ. ಏಡಿಗಂತಿಗೂ ಅನುವಂಶೀಯತೆಗೂ ಸಂಬಂಧವುಂಟೆಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಪ್ರಯೋಗ ಆ ಕಾಲದಲ್ಲಿ ವಿರಳ. ಬೆಳೆಯಿಸುವ ಜೀನು ಯಾವುದೆಂಬುದು ಗೊತ್ತಾಗಲು ಮಾತ್ರ 1989ರವರೆಗೆ ಕಾಯಬೇಕಾಯಿತು. ಕೋಶಗಳಿಗೆ 'ಬೆಳೆ' ಎಂಬ ಆಜ್ಞೆಯನ್ನು ತಲುಪಿಸುವ, ಮನುಷ್ಯರಲ್ಲಿಯೂ ಇರುವ, ಒಂದು ಜೀನಿನ ಹೆಚ್ಚುವರಿ ಪ್ರತಿಯೇ ಅದು. ಅದಕ್ಕೆ ಎಕ್ಸ್‌ಎಂಆರ್‌ಕೆ ಎಂದು ಹೆಸರು.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿ ಒಂದಿದೆ. ಪ್ಲಾಟಿಯಲ್ಲಿ ಈ ಜೀನುಗಳು ನಿರಪಾಯಕರ. ಹೆಲ್ಲೆರಿಯ ವಂಶದಲ್ಲಿಯೂ ಯಾವ ಲೋಪವೂ ಇಲ್ಲ. ಎರಡು ಸುಸ್ಥಿತಿಯ ವಂಶಗಳು ಕೂಡಿದೊಡನೆ ಸಾವು ಹುಟ್ಟುವುದೇಕೆ? ವಿಲಿಯಂ ಬೇಟ್‌ಸನ್ 1909ರಷ್ಟು ಹಿಂದೆಯೇ ಸೂಚಿಸಿದ್ದ, ಅನಂತರ ಡಾಬ್‌ಜಾನ್‌ಸ್ಕಿ ಮತ್ತು ಮುಲ್ಲರ್ ವಿಸ್ತರಿಸಿದ ವಿವರಣೆಯನ್ನು ಎತ್ತಿನ ಗಾಡಿಯ ಉಪಮೆಯಿಂದ ಹೇಳಬಹುದು. ಒಂದೇ ಮಾದರಿಯ ಗಾಡಿಗಳನ್ನು ಮಾಡುತ್ತಿದ್ದ ಎರಡು ಊರುಗಳಿವೆಯೆನ್ನೋಣ. ಒಂದೂರಿನ ಬಡಗಿಗಳು ತಲೆತಲಾಂತರದಲ್ಲಿ ಅಚ್ಚನ್ನು ಸ್ವಲ್ಪ ಸ್ವಲ್ಪವೇ ದಪ್ಪಮಾಡುತ್ತ ಬಂದರು. ಅದಕ್ಕೆ ತಕ್ಕಂತೆ ಗಾಲಿಯ ನಡುವಣ ರಂಧ್ರವನ್ನೂ ಹಿಗ್ಗಿಸಿದರು. ಇನ್ನೊಂದೂರಿನವರು ಎರಡನ್ನೂ ಕಿರಿದಾಗಿಸಿದರು. ಎರಡೂರ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಈ ಊರಿನ ಅಚ್ಚಿಗೆ ಆ ಊರಿನ ಗಾಲಿಯನ್ನು ತೊಡಿಸಹೊರಟಾಗ ಮಾತ್ರ ತೊಡಕು. ಬೇರೆಯಾದ ಎರಡು ವಂಶಗಳಲ್ಲಿಯೂ ಜೀನುಗಳು ತಮ್ಮ ಒಡನಾಡಿ ಜೀನುಗಳಿಗೆ ಹೊಂದಿಕೊಂಡು ಬದಲಾಗುತ್ತವೆಯೇ ಹೊರತು, ಎಂದೂ ಭೇಟಿಯಾಗದ ಪರವಂಶದ ಜೀನುಗಳಿಗೆ ಹೊಂದಿಕೊಳ್ಳಬೇಕಾದ ಕಾರಣ ಅವುಗಳಿಗಿಲ್ಲ.

ಇದು ತರ್ಕಕ್ಕೆ ಒಪ್ಪುವ ಮಾತು. ಆದರೆ ಇಂತಹ ಹೊಂದದ ಜೋಡಿಗಳು ಎಷ್ಟಿವೆ, ಎಲ್ಲಿವೆ, ಪ್ರಯೋಗಶಾಲೆಯ ತೊಟ್ಟಿಯಾಚೆ ಹರಿಯುವ ಹೊಳೆಯಲ್ಲಿ ಅವು ನಿಜವಾಗಿ ಕೆಲಸಮಾಡುತ್ತವೆಯೆ ಎಂದು ತಿಳಿಯಬೇಕಾದರೆ ಒಂದೆರಡು ಜೀನುಗಳನ್ನು ನೋಡಿದರೆ ಸಾಲದು. ಮೀನಿನ ಅನುವಂಶಿಕ ಬರಹವನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಬೇಕು. ಡಿ.ಎನ್.ಎ. ಎಂಬ ದ್ರವ್ಯದ ಮೇಲೆ ನಾಲ್ಕೇ ಅಕ್ಷರಗಳಲ್ಲಿ ಬರೆದಿರುವ ಈ ಸಮಗ್ರ ಬರಹಕ್ಕೆ ಜೀನೋಮ್ ಎಂದು ಹೆಸರು. ಕ್ಸಿಫೊಫೊರಸ್ ಮೀನುಗಳಲ್ಲಿ ಅದು 24 ಜೊತೆ ವರ್ಣತಂತುಗಳಲ್ಲಿ ಹಂಚಿಕೊಂಡು, ಸುಮಾರು 70 ಕೋಟಿ ಅಕ್ಷರಗಳಷ್ಟಿದೆ. ಪ್ಲಾಟಿಯ ಜೀನೋಮ್ 2013ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಬಳಸಿದ ಮೀನಿನ ವಂಶಾವಳಿ ಸ್ವಾರಸ್ಯವಾಗಿದೆ: ಮೈರನ್ ಗಾರ್ಡನ್ ಅವರು 1939ರಲ್ಲಿ ಮೆಕ್ಸಿಕೋದ ಹಾಮಾಪ ನದಿಯಿಂದ ಹಿಡಿದುತಂದ ಮೀನುಗಳ ಸಂತತಿಯನ್ನು ನೂರಕ್ಕೂ ಹೆಚ್ಚು ಪೀಳಿಗೆಗಳ ಕಾಲ ತಮ್ಮತಮ್ಮೊಳಗೇ ಕೂಡಿಸುತ್ತ, ದಾಖಲೆಯಿಟ್ಟು ಸಾಕಿಕೊಂಡು ಬಂದಿದ್ದರು. ಗಾರ್ಡನ್ 1959ರಲ್ಲಿ ತೀರಿಕೊಂಡರೂ ಮೀನಿನ ಮನೆತನ ಮುಂದುವರಿಯಿತು.

ಒಂದು ಜೀನೋಮನ್ನು ಓದುವುದಕ್ಕಿಂತ ಹಲವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಹೆಚ್ಚಿನ ಲಾಭವಿದೆ. ಮೆಕ್ಸಿಕೋದ ಕ್ಲೆಮೆನ್ಸಿಯೆ ಎಂಬ ಪ್ರಭೇದವನ್ನು ತೆಗೆದುಕೊಳ್ಳೋಣ. ಕೋಶಕೇಂದ್ರದ ಜೀನುಗಳ ಪ್ರಕಾರ ಅದು ಕತ್ತಿಬಾಲದ ಮೀನುಗಳ ಬಳಗಕ್ಕೆ ಸೇರಿದುದು. ಅದಕ್ಕೆ ಕತ್ತಿಯೂ ಉಂಟು. ಆದರೆ ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳಲ್ಲಿರುವ ಪುಟ್ಟ ಡಿ.ಎನ್.ಎ. ಪ್ಲಾಟಿಗಳದನ್ನು ಹೋಲುತ್ತದೆ! ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಅಂದಮೇಲೆ ಬಹುಕಾಲದ ಹಿಂದೆ ಪ್ಲಾಟಿಯ ಬಳಗದ ಹೆಣ್ಣೊಂದು ಕತ್ತಿಬಾಲದ ಗಂಡನ್ನು ವರಿಸಿರಬೇಕೆಂದು 2006ರಲ್ಲಿ ಆಕ್ಸೆಲ್ ಮೇಯರ್ ಮತ್ತು ಸಂಗಡಿಗರು ಪ್ರತಿಪಾದಿಸಿದರು. ಇದಕ್ಕೆ ಇಂಬುಕೊಡುವ ಪ್ರಯೋಗವೊಂದು ಮೊದಲೇ ನಡೆದಿತ್ತು. ಅಲೆಕ್ಸಾಂಡ್ರ ಬಸೋಲೊ ಅವರು ಪ್ಲಾಟಿಯ ಗಂಡುಗಳಿಗೆ ಕೃತಕವಾದ ಕತ್ತಿಗಳನ್ನು ಜೋಡಿಸಿ ಬಿಟ್ಟಾಗ, ತಮ್ಮ ಪ್ರಭೇದದಲ್ಲಿ ಕತ್ತಿಯೇ ಇಲ್ಲದ ಪ್ಲಾಟಿಯ ಹೆಣ್ಣುಗಳು ಆ ಗಂಡುಗಳನ್ನೇ ಮೆಚ್ಚಿದುವೆಂದು 1990ರಲ್ಲಿ ವರದಿಮಾಡಿದ್ದರು. ಹಳೆಯ ಸಂಕರವೊಂದರ ಕುರುಹು ಕ್ಲೆಮೆನ್ಸಿಯೆಯಲ್ಲಿ ಉಂಟೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆ ಸಂಕರದಿಂದಲೇ ಹೊಸ ಪ್ರಭೇದ ಹುಟ್ಟಿತೆಂದು ಹೇಳುವುದು ಮಾತ್ರ ಇನ್ನೊಂದು ಹೆಜ್ಜೆ. ಅದಕ್ಕೆ ಬೇರೆಯೇ ಸಾಕ್ಷ್ಯ ಬೇಕು.

ಕ್ಲೆಮೆನ್ಸಿಯೆಯದು ಒಂಟಿ ಕಥೆಯಲ್ಲ. 2013ರಲ್ಲಿ ಈ ಜಾತಿಯ 26 ಪ್ರಭೇದಗಳನ್ನೂ ಹೋಲಿಸಿ ನೋಡಿದಾಗ, ಹಿಂದೊಮ್ಮೆ ಜೀನುಗಳ ವಿನಿಮಯ ನಡೆದಿರುವ ಗುರುತು ಎಷ್ಟೋ ಕಡೆ ಕಂಡಿತು. ವಿಕಾಸವನ್ನು ಕವಲೊಡೆಯುವ ಮರದಂತೆ ಚಿತ್ರಿಸುವುದು ನಮಗೆ ಅಭ್ಯಾಸವಾಗಿದೆ. ಮರದ ಕೊಂಬೆಗಳು ಒಮ್ಮೆ ಬೇರೆಯಾದರೆ ಮತ್ತೆ ಕೂಡುವುದಿಲ್ಲ. ಈ ಮೀನುಗಳ ಮಟ್ಟಿಗೆ ಶ್ರೀರಂಗಪಟ್ಟಣದ ಕಾವೇರಿಯ ಚಿತ್ರ ಹೆಚ್ಚು ಸರಿ: ಅಲ್ಲಿ ನದಿ ಎರಡಾಗಿ ಹರಿದು ಮತ್ತೆ ಒಂದಾಗುತ್ತದೆ.

ಹಳೆಯ ಸಂಕರಗಳ ಕುರುಹು ಹೀಗೆ ಸಿಕ್ಕಿತು. ಸಂಕರ ಈಗಲೂ ನಡೆಯುತ್ತಿರುವ ಹೊಳೆ ಯಾವುದಾದರೂ ಇದ್ದರೆ ಅದರ ಪರಿಣಾಮಗಳನ್ನು ಕಣ್ಣೆದುರಿಗೇ ನೋಡಬಹುದಲ್ಲವೆ? ಅಂತಹ ಹೊಳೆಗಳು ಮೆಕ್ಸಿಕೋದ ಹಿಡಾಲ್ಗೊ ಪ್ರಾಂತದಲ್ಲಿ, ಪೂರ್ವ ಸಿಯೆರಾ ಮಾದ್ರೆ ಪರ್ವತಗಳ ಇಳಿಜಾರಿನಲ್ಲಿ ಇವೆ. ಮೇಲಿನ ತಣ್ಣನೆಯ ತೊರೆಗಳಲ್ಲಿ ಮಲಿಂಚೆ ಎಂಬ ಕತ್ತಿಯುಳ್ಳ ಪ್ರಭೇದ ವಾಸಿಸುತ್ತದೆ. ಕೆಳಗಿನ ಬೆಚ್ಚನೆಯ ನೀರಿನಲ್ಲಿ ಬರ್ಚ್‌ಮನಿ ಎಂಬುದು. ಬರ್ಚ್‌ಮನಿಯ ಗಂಡಿಗೆ ಕತ್ತಿಯಿಲ್ಲ, ಬೆನ್ನಿನ ಈಜುರೆಕ್ಕೆ ದೊಡ್ಡದು. ಕಲ್ನಾಲಿ ಎಂಬ ಊರಿನ ಬಳಿ, ಎತ್ತರಕ್ಕೂ ತಗ್ಗಿಗೂ ನಡುವಣ ಹರಿವಿನಲ್ಲಿ, ಎರಡರ ಸಂಕರ ಮೀನುಗಳು ತುಂಬಿಕೊಂಡಿವೆ. ಈ ಬೆರಕೆಗೆ ಮನುಷ್ಯನೇ ಕಾರಣನಿರಬೇಕೆಂದು ತಜ್ಞರು ಶಂಕಿಸಲು ಆಧಾರವಿದೆ. ಬರ್ಚ್‌ಮನಿಯ ಹೆಣ್ಣು ತನ್ನವರನ್ನು ಗುರುತಿಸುವುದು ಬಹುಮಟ್ಟಿಗೆ ವಾಸನೆಯಿಂದ. ಶುದ್ಧವಾದ ನೀರಿನಲ್ಲಿ ಅದು ತನ್ನ ಪ್ರಭೇದದ ಗಂಡಿನ ವಾಸನೆಯತ್ತಲೇ ಹೋಗುತ್ತದೆ. ಕೊಚ್ಚೆಯೂ ಹೊಲಗದ್ದೆಗಳ ಬಸಿನೀರೂ ಸೇರಿದ ಹೊಳೆಯ ನೀರಿನಲ್ಲಿ ಆ ವಿವೇಚನೆ ಉಳಿಯುವುದಿಲ್ಲವೆಂದು 2006ರ ಒಂದು ಅಧ್ಯಯನ ತೋರಿಸಿತು. ಸಸ್ಯಗಳೂ ಇತರ ಕಸವೂ ಕೊಳೆತಾಗ ನೀರಿಗಿಳಿಯುವ ಹ್ಯೂಮಿಕ್ ಆಮ್ಲವನ್ನು ಬೆರೆಸಿದರೂ ಇದೇ ಫಲ. ಗೋಡೆಯೂ ಬೆಟ್ಟವೂ ಇಲ್ಲದೆ, ಬರಿಯ ವಾಸನೆಯೊಂದರಿಂದ ನಿಂತಿದ್ದ ಗಡಿಯೊಂದು ಊರಿನ ಕೊಚ್ಚೆನೀರಿನಿಂದ ಕದಡಿಹೋದುದು ಸೋಜಿಗದ ಸಂಗತಿ. ವ್ಯಸನದ ಸಂಗತಿಯೂ ಹೌದು.

ಮಲಿಂಚೆ, ಬರ್ಚ್‌ಮನಿಗಳ ಜೀನೋಮುಗಳಲ್ಲಿ ಸರಾಸರಿ ಇನ್ನೂರು ಅಕ್ಷರಗಳಿಗೆ ಒಂದರಂತೆ ವ್ಯತ್ಯಾಸವಿದೆ. ಮನುಷ್ಯನಿಗೂ ಚಿಂಪಾಂಜಿಗೂ ಇರುವ ಅಂತರದ ಅರ್ಧಕ್ಕಿಂತಲೂ ಇದು ಕಡಿಮೆಯೇ. ಆದರೂ ಈ ಲಕ್ಷಗಟ್ಟಲೆ ಗುರುತುಗಳ ನೆರವಿನಿಂದ ಸಂಕರ ಮೀನಿನ ವರ್ಣತಂತುವಿನ ಪ್ರತಿಯೊಂದು ತುಂಡೂ ಯಾರ ಕಡೆಯಿಂದ ಬಂದುದೆಂದು ಹೇಳಬಹುದು. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಯನ್ನು ನೆನಪಿಗೆ ತಂದುಕೊಳ್ಳೋಣ. ಸಂಕರದ ಜೀನೋಮ್ ಎರಡೇ ಸೀರೆಗಳಿಂದಾದ ಕೌದಿ. ಮೊದಲ ಪೀಳಿಗೆಯಲ್ಲಿ ಪ್ರತಿ ಜೊತೆ ವರ್ಣತಂತುವಿನಲ್ಲಿ ಒಂದು ಇಡಿಯಾಗಿ ಮಲಿಂಚೆಯದು, ಇನ್ನೊಂದು ಇಡಿಯಾಗಿ ಬರ್ಚ್‌ಮನಿಯದು. ಅಂಡಾಣು ವೀರ್ಯಾಣುಗಳು ರೂಪುಗೊಳ್ಳುವಾಗ ಜೊತೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹೀಗೆ ಪೀಳಿಗೆಯಿಂದ ಪೀಳಿಗೆಗೆ ತೇಪೆಗಳು ಕಿರಿದಾಗುತ್ತ ಹೋಗುತ್ತವೆ. ಆದುದರಿಂದ ತೇಪೆಗಳ ಉದ್ದವನ್ನಳೆದರೆ ಸಂಕರ ಮೊದಲಾಗಿ ಎಷ್ಟು ಪೀಳಿಗೆಗಳಾದುವೆಂದು ಲೆಕ್ಕಹಾಕಬಹುದು. ಹಿಡಾಲ್ಗೊದ ಹೊಳೆಗಳಲ್ಲಿ ಆ ಲೆಕ್ಕ ಹತ್ತಾರು ಪೀಳಿಗೆಗಳಷ್ಟೆ. ವಿಕಾಸದ ಕಾಲಮಾನದಲ್ಲಿ ಅದು ನಿನ್ನೆ ಮೊನ್ನೆಯ ಮಾತು.

ಈ ಕೌದಿಗಳನ್ನು ಓದುವ ಕೆಲಸದಲ್ಲಿ ಮಾಲಿ ಶೂಮರ್ ಮತ್ತು ಸಂಗಡಿಗರದು ಮುಖ್ಯವಾದ ಹೆಸರು. ಯಾವ ಎರಡು ತೇಪೆಗಳು ಒಟ್ಟಿಗೆ ಇರುವುದು ನಿರೀಕ್ಷೆಗಿಂತ ವಿರಳವೋ ಆ ಎರಡರ ನಡುವೆ ಏನೋ ಹೊಂದಾಣಿಕೆ ತಪ್ಪಿದೆಯೆಂದು ತರ್ಕಿಸಿ, ಅವರು 2014ರಲ್ಲಿ ಇಂತಹ ಹೊಂದದ ಜೋಡಿಗಳು ನೂರಾರು ಇರಬಹುದೆಂದು ಕಂಡುಕೊಂಡರು. 2018ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸಂಕರ ಗುಂಪಿನಲ್ಲಿ ಒಂದು ಪ್ರಭೇದದ ಪಾಲು ಹೆಚ್ಚಿದ್ದು ಇನ್ನೊಂದರದು ಕಡಿಮೆಯಿದ್ದರೆ, ಆ ಕಡಿಮೆ ಪಾಲು ಜೀನೋಮಿನ ಎಲ್ಲ ಕಡೆಯೂ ಸಮನಾಗಿ ಹರಡಿರುವುದಿಲ್ಲ. ವರ್ಣತಂತುಗಳು ತುಂಡುಗಳನ್ನು ಪದೇಪದೇ ಅದಲುಬದಲು ಮಾಡಿಕೊಳ್ಳುವ ಭಾಗಗಳಲ್ಲಿ ಅದು ಹೆಚ್ಚಾಗಿ ಉಳಿದಿರುತ್ತದೆ. ಅಪರೂಪವಾಗಿ ಮಾಡಿಕೊಳ್ಳುವ ಭಾಗಗಳಲ್ಲಿ ಕಣ್ಮರೆಯಾಗಿರುತ್ತದೆ. ಇದರ ಕಾರಣವನ್ನು ಅಡುಗೆಮನೆಯಲ್ಲಿಯೇ ನೋಡಬಹುದು. ಅಕ್ಕಿಯಲ್ಲಿ ಕಲ್ಲಿದ್ದರೆ ಮೊರದಲ್ಲಿ ಹರಡಿಕೊಂಡು ಕಲ್ಲನ್ನು ಮಾತ್ರ ಆರಿಸಿ ಎಸೆಯಬಹುದು. ಬೆಂದು ಮುದ್ದೆಯಾದ ಅನ್ನದಲ್ಲಿ ಕಲ್ಲು ಸಿಕ್ಕರೆ ತುತ್ತನ್ನೇ ಎಸೆಯಬೇಕಾಗುತ್ತದೆ. ತುಂಡುಗಳು ಸಣ್ಣವಾದ ಕಡೆ ನಿಸರ್ಗದ ಆಯ್ಕೆ ಕೇಡಿನ ಜೀನನ್ನಷ್ಟೇ ತೆಗೆದುಹಾಕಿ ನೆರೆಯ ನಿರಪರಾಧಿಗಳನ್ನು ಉಳಿಸುತ್ತದೆ. ಉದ್ದವಾದ ತುಂಡಿನಲ್ಲಿ ಒಂದು ಕೆಟ್ಟ ಜೀನಿದ್ದರೆ ತುಂಡೇ ಅಳಿಯುತ್ತದೆ. ನಮ್ಮ ಪೂರ್ವಿಕರು ನಿಯಾಂಡರ್ತಲ್ ಮಾನವರೊಡನೆ ಕೂಡಿದುದರಿಂದ ಮನುಷ್ಯರ ಜೀನೋಮಿನಲ್ಲಿ ಉಳಿದಿರುವ ತುಣುಕುಗಳೂ ಇದೇ ಬಗೆಯಲ್ಲಿ ಹಂಚಿಕೊಂಡಿರುವುದು ಕಂಡುಬಂದಿದೆ. ಹಿಡಾಲ್ಗೊದ ಮೀನಿಗೂ ನಮಗೂ ಜರಡಿ ಒಂದೇ.

ಗಾರ್ಡನ್ ಮತ್ತು ಕಾಸ್ವಿಗ್ ಕಂಡ ಕರಿಯ ರೋಗದ ಸುದ್ದಿಗೆ ಈಗ ಮರಳೋಣ. ಬರ್ಚ್‌ಮನಿಯ ಕೆಲವು ಮೀನುಗಳಿಗೆ ಬಾಲದ ಬುಡದಲ್ಲಿ ಕರಿಯ ಮಚ್ಚೆಯಿರುತ್ತದೆ, ಮಲಿಂಚೆಗೆ ಇಲ್ಲ. ಸಂಕರ ಮೀನುಗಳಲ್ಲಿ ಇದು ಹಬ್ಬಿ ಮೆಲನೋಮವಾಗುವುದುಂಟು. ಬರ್ಚ್‌ಮನಿಯಿಂದ ಬಂದ ಎಕ್ಸ್‌ಎಂಆರ್‌ಕೆ ಜೀನು ಮಲಿಂಚೆಯಿಂದ ಬಂದ ಸಿಡಿ-97 ಎಂಬ ಜೀನಿನೊಡನೆ ಸೇರಿದಾಗ ಹೀಗಾಗುತ್ತದೆಯೆಂದು 2020ರಲ್ಲಿ ಗೊತ್ತಾಯಿತು. ಬಾಲದ ಈಜುರೆಕ್ಕೆ ಸವೆಯುವ ಇಂತಹ ಮೀನುಗಳು ಹೊಳೆಯಲ್ಲಿ ಹೆಚ್ಚು ಕಾಲ ಬದುಕುವುದಿಲ್ಲ. ಪ್ರಯೋಗಶಾಲೆಯಲ್ಲಿ ಕಂಡ ಅದೇ ಜೀನು, ಬೇರೊಂದು ಒಡನಾಡಿಯೊಡನೆ, ಹರಿಯುವ ನೀರಿನಲ್ಲಿ ಎರಡು ಪ್ರಭೇದಗಳ ಗಡಿಯನ್ನು ಕಾಯುತ್ತಿದೆ. ಇಷ್ಟು ಅಪಾಯಕರವಾದ ಜೀನನ್ನು ವಿಕಾಸ ಏತಕ್ಕೆ ಉಳಿಸಿಕೊಂಡಿದೆಯೆಂದು ಕೇಳುವುದು ಸಹಜ. ಹತ್ತಿರದ ಸಂಬಂಧಿಯಾದ ಕಾರ್ಟೆಜಿ ಎಂಬ ಪ್ರಭೇದದ ಕೆಲವು ಕಡೆಯ ಹೆಣ್ಣುಗಳು ಕರಿಮಚ್ಚೆಯ ಗಂಡುಗಳನ್ನೇ ಮೆಚ್ಚುತ್ತವೆಯೆಂದು 2008ರಲ್ಲಿ ವರದಿಯಾಗಿದೆ. ಉತ್ತರದ ಒಂದು ಭಾಗವಾದರೂ ಅಲ್ಲಿರಬೇಕು.

ಕ್ಯಾನ್ಸರು ಬೆಳೆದ ಮೀನನ್ನು ಕೊಲ್ಲುವುದಾದರೆ, 2024ರಲ್ಲಿ ಪ್ರಕಟವಾದ ಇನ್ನೊಂದು ಜೋಡಿಯ ಕಾಟ ತಾಯಿಯ ಒಡಲಿನಿಂದಲೇ ಮೊದಲಾಗುತ್ತದೆ. ಮೈಟೊಕಾಂಡ್ರಿಯದಲ್ಲಿ ಶಕ್ತಿಯನ್ನುಂಟುಮಾಡುವ ಯಂತ್ರದ ಕೆಲವು ಬಿಡಿಭಾಗಗಳಿಗೆ ನಕ್ಷೆ ಇರುವುದು ಮೈಟೊಕಾಂಡ್ರಿಯದ ಡಿ.ಎನ್.ಎ.ಯಲ್ಲಿ, ಉಳಿದುವಕ್ಕೆ ಕೋಶಕೇಂದ್ರದಲ್ಲಿ. ಎರಡು ಕಡೆ ತಯಾರಾದ ಭಾಗಗಳು ಒಂದಕ್ಕೊಂದು ಕೂರಬೇಕು. ಗಾಡಿಯ ಅಚ್ಚು ಮತ್ತು ಗಾಲಿಯ ಉಪಮೆ ಇಲ್ಲಿ ಹೆಚ್ಚುಕಡಿಮೆ ಅಕ್ಷರಶಃ ನಿಜ. ಈ ಪ್ರೋಟೀನುಗಳು ಯಂತ್ರದಲ್ಲಿ ಪರಸ್ಪರ ತಾಗಿಕೊಂಡೇ ಇವೆ. ಮಲಿಂಚೆಯ ಮೈಟೊಕಾಂಡ್ರಿಯವಿರುವ ಮರಿಗೆ ಅಂತಹ ಒಂದು ಕೋಶಕೇಂದ್ರದ ಜೀನಿನ ಎರಡು ಪ್ರತಿಗಳೂ ಬರ್ಚ್‌ಮನಿಯಿಂದ ಬಂದರೆ ಅದು ಬದುಕುವುದಿಲ್ಲ. ಎರಡನೆಯ ಪೀಳಿಗೆಯಲ್ಲಿ ಅಂತಹ ಮರಿಗಳು ಕಾಲುಭಾಗದಷ್ಟಿರಬೇಕು. ಬೆಳೆದ ಮೀನುಗಳಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಒಂದೂ ಸಿಕ್ಕುವುದಿಲ್ಲ. ಗರ್ಭ ಧರಿಸಿದ ತಾಯಿಮೀನುಗಳನ್ನು ಪರೀಕ್ಷಿಸಿದಾಗ, ಒಂದೇ ಬಸಿರಿನ ಭ್ರೂಣಗಳಲ್ಲಿ ಒಡಹುಟ್ಟಿದುವು ಮುಂದೆ ಬೆಳೆದಿದ್ದರೆ ಇವು ಹಿಂದೆಯೇ ನಿಂತುಹೋಗಿದ್ದುವು.

ಇದೇ ಸಂಶೋಧನೆಯಲ್ಲಿ ಇನ್ನೂ ಒಂದು ಸಂಗತಿ ಬೆಳಕಿಗೆ ಬಂದಿದೆ. ನಮಗೆ ಎಲ್ಲಕ್ಕಿಂತ ವಿಚಿತ್ರವಾಗಿ ತೋರುವುದು ಅದೇ. ಸಂಕರವನ್ನು ತಡೆಯುವ ಈ ಹೊಂದದ ಜೀನುಗಳ ಚರಿತ್ರೆಯನ್ನು ಬೇರೆ ಪ್ರಭೇದಗಳ ಜೀನೋಮುಗಳೊಡನೆ ಹೋಲಿಸಿ ನೋಡಿದಾಗ, ಅವು ಹಿಂದೊಮ್ಮೆ ಒಂದು ಪ್ರಭೇದದಿಂದ ಇನ್ನೊಂದಕ್ಕೆ ದಾಟಿಹೋದ ಕುರುಹು ಕಾಣಿಸಿತು. ಆ ದಾಟುವಿಕೆಯೂ ನಡೆದುದು ಸಂಕರದ ಮೂಲಕವೇ.